ಸ್ಟೇರಿಂಗ್ ಹಿಡಿದವರ ಜಿಲ್ಲೆ

ಚಾಲಕನಿಲ್ಲದ ಟ್ಯಾಕ್ಸಿಯ ಸುದ್ದಿ ಕಾಸರಗೋಡಿಗೆ ಬಂದದ್ದು ಗಲ್ಫಿನ ದಾರಿಯಲ್ಲಿ. 2024ರ ಡಿಸೆಂಬರಿನಲ್ಲಿ ಉಬರ್ ಮತ್ತು ಚೀನಾದ ವೀರೈಡ್ ಕಂಪನಿಗಳು ಅಬುಧಾಬಿಯಲ್ಲಿ ಇಂಥ ಟ್ಯಾಕ್ಸಿ ಶುರು ಮಾಡಿದಾಗ, ಕಾವಲಿಗೆಂದು ಒಬ್ಬ ಆಪರೇಟರ್ ಒಳಗೆ ಕೂತಿರುತ್ತಿದ್ದ. ವರ್ಷ ತುಂಬುವ ಮೊದಲೇ, 2025ರ ನವೆಂಬರಿನಲ್ಲಿ, ಅವನನ್ನೂ ಇಳಿಸಿ ಕಾರುಗಳು ಓಡತೊಡಗಿದವು. ದುಬೈ ಸರ್ಕಾರವಂತೂ 2030ರ ಹೊತ್ತಿಗೆ ನಗರದ ಒಟ್ಟು ಪ್ರಯಾಣಗಳಲ್ಲಿ ಶೇ 25ರಷ್ಟು ಚಾಲಕರಿಲ್ಲದೆಯೇ ನಡೆಯಬೇಕೆಂದು ಗುರಿ ಹಾಕಿಕೊಂಡಿದೆ. ಬೇರೆ ಊರಿನವರಿಗೆ ಇದು ತಂತ್ರಜ್ಞಾನದ ಸುದ್ದಿ. ಉಪ್ಪಳ, ಕುಂಬಳೆ, ಚೆರ್ಕಳ, ಹೊಸದುರ್ಗದ ಎಷ್ಟೋ ಮನೆಗಳಿಗೆ ಇದು ತಿಂಗಳ ಖರ್ಚಿನ ಸುದ್ದಿ. ಗಲ್ಫಿನ ಟ್ಯಾಕ್ಸಿಯಲ್ಲಿ, ಅರಬ್ಬಿಯ ಮನೆಯ ಕಾರಿನಲ್ಲಿ, ಡೆಲಿವರಿ ವ್ಯಾನಿನಲ್ಲಿ ಸ್ಟೇರಿಂಗ್ ಹಿಡಿದು ದುಡಿದ ದುಡ್ಡಿನಲ್ಲೇ ಈ ಮನೆಗಳಿಗೆ ಟೆರೇಸು ಬಿದ್ದದ್ದು, ಮಕ್ಕಳು ಕಾಲೇಜಿಗೆ ಹೋದದ್ದು.

ಹೀಗೆ ಅಲ್ಲಿಯ ನಿಯಮ ಬದಲಾಗಿ ಇಲ್ಲಿಯ ಒಲೆ ಅಲುಗಾಡುವುದು ಹೊಸತೇನಲ್ಲ. 2018ರ ಜೂನ್ 24ರಂದು ಸೌದಿ ಅರೇಬಿಯಾ ಹೆಂಗಸರಿಗೆ ಕಾರು ಓಡಿಸಲು ಅನುಮತಿ ಕೊಟ್ಟಿತು. ಆ ನ್ಯಾಯ ಎಂದೋ ಆಗಬೇಕಿತ್ತು, ಆದದ್ದು ಒಳ್ಳೆಯದೇ. ಆದರೆ 'ಹೌಸ್ ಡ್ರೈವರ್' ವೀಸಾದಲ್ಲಿ ಹೋದವರ ಮನೆಗಳಲ್ಲಿ ಅದೇ ದಿನ ಒಂದು ಆತಂಕವೂ ಹುಟ್ಟಿತು. ಮನೆಯ ಹೆಂಗಸರು ತಾವೇ ಕಾರು ಓಡಿಸಿಕೊಂಡರೆ ಡ್ರೈವರನಿಗೆ ಕೆಲಸವೆಲ್ಲಿ? ನಿಯಮ ಬರೆಯುವವರ ಕಣ್ಣಿಗೆ ಪ್ರಯಾಣಿಕ ಕಾಣುತ್ತಾನೆ, ರಸ್ತೆ ಕಾಣುತ್ತದೆ, ಕಾರೂ ಕಾಣುತ್ತದೆ. ಓಡಿಸುವವನು ಕಾಣುವುದು ಕೊನೆಗೆ.

ಈ ಜಿಲ್ಲೆಗೆ ಕಾರೆಂದರೆ ಪ್ರೀತಿ. ಕೆಎಲ್ 14 ಎಂಬ ನಂಬರನ್ನು ಇಲ್ಲಿನ ಹುಡುಗರು ಊರ ಹೆಸರಿನ ಹಾಗೆ ಹೇಳಿಕೊಳ್ಳುತ್ತಾರೆ. ರಜೆಯಲ್ಲಿ ಬಂದವರು ಮೊದಲು ಹುಡುಕುವುದು ಒಂದು ಗಾಡಿಯನ್ನು. ಮದುವೆ ದಿಬ್ಬಣದಲ್ಲಿ ಸಾಲಾಗಿ ಹೊರಟ ಕಾರುಗಳನ್ನು ನೋಡಿಯೇ ಮನೆಯ ವಹಿವಾಟು ಅಳೆಯುವವರಿದ್ದಾರೆ. ಹಳೆಯ ಜೀಪಿಗೆ ಹೊಸ ಚಕ್ರ, ಹೊಸ ಬಂಪರು, ಕಿವಿ ತುಂಬುವ ಸೈಲೆನ್ಸರು ಹಾಕಿಸುವ ಹುಚ್ಚೂ ಉಂಟು. ಕಂಪನಿ ಕೊಟ್ಟ ಮೂಲ ಸ್ವರೂಪವನ್ನು ಮನಬಂದಂತೆ ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿತು, ಅದೂ ಕೇರಳದ್ದೇ ಒಂದು ಪ್ರಕರಣದಲ್ಲಿ. 2021ರ ಆಗಸ್ಟಿನಲ್ಲಿ ಪಕ್ಕದ ಕಣ್ಣೂರಿನಲ್ಲಿ ಯೂಟ್ಯೂಬಿನ 'ಇ ಬುಲ್ ಜೆಟ್' ಸಹೋದರರ ರೂಪ ಬದಲಿಸಿದ ವ್ಯಾನನ್ನು ಮೋಟಾರು ವಾಹನ ಇಲಾಖೆ ಹಿಡಿದಿಟ್ಟಾಗ ಇಲ್ಲಿಯ ಹುಡುಗರು ತಮ್ಮದೇ ಗಾಡಿ ಹೋದಷ್ಟು ಸಂಕಟಪಟ್ಟರು. ಕಾನೂನು ಸರಿ ಎಂದೇ ನನ್ನ ಅಭಿಪ್ರಾಯ. ಎದುರಿನಿಂದ ಬರುವವನ ಕಣ್ಣು ಕುಕ್ಕುವ ದೀಪವನ್ನು ಯಾವ ಪ್ರೀತಿಯ ಹೆಸರಿನಲ್ಲೂ ಸಮರ್ಥಿಸಲಾಗದು. ಆದರೂ ಕೈಯಲ್ಲಿ ಸ್ಟೇರಿಂಗ್ ಇರುವುದೇ ದೊಡ್ಡವನಾದ ಗುರುತು ಎಂದು ನಂಬಿದ ಊರಿನಲ್ಲಿ ಸ್ಟೇರಿಂಗೇ ಬೇಡ ಎನ್ನುವ ಕಾರು ಬರುತ್ತದೆಂದರೆ, ಅದು ಬರೀ ಹೊಸ ಮಾದರಿಯ ಕಾರು ಎಂದು ತಳ್ಳಿಹಾಕಲಾಗದು.

ನಿಜ ಹೇಳಬೇಕೆಂದರೆ ಯಂತ್ರ ಆಗಲೇ ನಮ್ಮ ರಸ್ತೆಗೆ ಬಂದಾಗಿದೆ. ಮೊದಲು ಬಂದದ್ದು ಪೊಲೀಸನಾಗಿ. 'ಸೇಫ್ ಕೇರಳ' ಯೋಜನೆಯಲ್ಲಿ ಕೆಲ್ಟ್ರಾನ್ ಮೂಲಕ ರಾಜ್ಯದಾದ್ಯಂತ ನೆಟ್ಟ 726 ಕ್ಯಾಮರಾಗಳು 2023ರ ಜೂನ್ 5ರಿಂದ ದಂಡ ಹಾಕತೊಡಗಿದವು. ಹೆಲ್ಮೆಟ್ ಇಲ್ಲದವನನ್ನು, ಸೀಟು ಬೆಲ್ಟು ಹಾಕದವನನ್ನು ಗುರುತಿಸುವ ಕೆಲಸ ಅವುಗಳಲ್ಲಿ ಹೆಚ್ಚಿನವಕ್ಕೆ. ಆಮೇಲೆ ಯಂತ್ರ ಪರೀಕ್ಷಕನೂ ಆಯಿತು. ಬೇಳದಲ್ಲಿ ಕಂಪ್ಯೂಟರೀಕೃತ ಡ್ರೈವಿಂಗ್ ಟೆಸ್ಟ್ ಮೈದಾನವಿದೆ. ಹಿಂದೆ ಎಂಟು ಹಾಕುವಾಗ ಕಾಲು ಊರಿದನೋ, ಎಚ್ ತೆಗೆಯುವಾಗ ಕಂಬಕ್ಕೆ ತಾಗಿಸಿದನೋ ಎಂದು ನೋಡುತ್ತಿದ್ದದ್ದು ಇನ್‌ಸ್ಪೆಕ್ಟರರ ಕಣ್ಣು. ಇಂಥ ಮೈದಾನದಲ್ಲಿ ಅದನ್ನು ಸೆನ್ಸರು, ಕ್ಯಾಮರಾ ನೋಡುತ್ತವೆ.

ಟೆಸ್ಟಿನ ನಿಯಮಗಳೂ ಈ ಎರಡು ಮೂರು ವರ್ಷಗಳಲ್ಲಿ ಕೇರಳದಲ್ಲಿ ಹೊಯ್ದಾಡಿವೆ. ಸಾರಿಗೆ ಸಚಿವ ಕೆ.ಬಿ. ಗಣೇಶ್ ಕುಮಾರ್ ಅವರ ಕಾಲದಲ್ಲಿ, 2024ರ ಫೆಬ್ರುವರಿಯಲ್ಲಿ, ಸಾರಿಗೆ ಆಯುಕ್ತರು ಹೊರಡಿಸಿದ ಸುತ್ತೋಲೆ ದಿನಕ್ಕೆ ಇಷ್ಟೇ ಟೆಸ್ಟು ಎಂದು ಮಿತಿ ಹಾಕಿತು. ಹದಿನೈದು ವರ್ಷ ದಾಟಿದ ಗಾಡಿ ಬೇಡ, ಎಚ್ ಒಂದೇ ಸಾಲದು, ಓರೆ ಪಾರ್ಕಿಂಗು, ಅಂಕುಡೊಂಕು, ಏರುದಾರಿಯ ಪರೀಕ್ಷೆಯೂ ಬೇಕು ಎಂದಿತು. ತಯಾರಿಕೆ ನಿಂತು ಎಷ್ಟೋ ವರ್ಷವಾದ, ಕೈಯಲ್ಲೇ ಗೇರು ಬದಲಿಸುವ ಎಂ 80 ಸ್ಕೂಟರು ಟೆಸ್ಟಿನ ಮೈದಾನದಲ್ಲಿ ಮಾತ್ರ ಬದುಕಿತ್ತು. ಅದಕ್ಕೂ ವಿದಾಯ ಹೇಳಲಾಯಿತು. ಡ್ರೈವಿಂಗ್ ಶಾಲೆಗಳು ಮುಷ್ಕರ ಹೂಡಿದವು, ಟೆಸ್ಟುಗಳು ನಿಂತವು. 2025ರ ಜುಲೈಯಲ್ಲಿ ಹೈಕೋರ್ಟು ಸುತ್ತೋಲೆಯನ್ನೇ ರದ್ದುಪಡಿಸಿತು: ಕೇಂದ್ರದ ನಿಯಮವಿರುವಾಗ ಆಯುಕ್ತರಿಗೆ ಆ ಅಧಿಕಾರವಿಲ್ಲ. ಏರುದಾರಿಯಲ್ಲಿ ಗಾಡಿ ನಿಲ್ಲಿಸಿ, ಹಿಂದೆ ಜಾರದಂತೆ ಮತ್ತೆ ಹೊರಡಿಸಬಲ್ಲನೇ ಎಂದು ನೋಡದೆ ಪಾಣತ್ತೂರಿನ ರಸ್ತೆಗೆ ಯಾರನ್ನೂ ಬಿಡಬಾರದು ಎನ್ನುವವನು ನಾನು. 2021ರ ಜನವರಿ 3ರಂದು ಅಲ್ಲಿಯ ಇಳಿಜಾರಿನಲ್ಲಿ ಕರ್ನಾಟಕದಿಂದ ಬಂದ ಮದುವೆ ದಿಬ್ಬಣದ ಬಸ್ಸು ಮನೆಯ ಮೇಲೆ ಮಗುಚಿ ಏಳು ಮಂದಿ ಸತ್ತರು. ಸುತ್ತೋಲೆ ತಂದ ರೀತಿ ತಪ್ಪಿರಬಹುದು, ಅದರ ಕಾಳಜಿ ತಪ್ಪಲ್ಲ.

ಹಾಗಾದರೆ ಚಾಲಕನಿಲ್ಲದ ಕಾರಿಗೆ ಟೆಸ್ಟು ಯಾವುದು? ನನಗೆ ಮುಖ್ಯವೆನಿಸುವ ಪ್ರಶ್ನೆ ಇದು. ಆ ಕಾರು ದಾರಿ ನೋಡುವುದು ಕ್ಯಾಮರಾ, ರಾಡಾರು, ಲೇಸರ್ ಕಿರಣ ಹಾಯಿಸಿ ದೂರ ಅಳೆಯುವ ಲೈಡಾರ್‌ಗಳ ಮೂಲಕ. ಅಂಗುಲ ಅಂಗುಲವಾಗಿ ಮೊದಲೇ ಬರೆದಿಟ್ಟ ನಕ್ಷೆಯ ಜೊತೆ ಅದನ್ನೆಲ್ಲ ತಾಳೆ ನೋಡುತ್ತದೆ. ದಾರಿ ತಿಳಿಯದಾದರೆ ದೂರದ ಕೋಣೆಯಲ್ಲಿ ಕೂತವರ ಸಹಾಯ ಕೇಳುತ್ತದೆ. ಅರಿಜೋನಾದ ಫೀನಿಕ್ಸಿನಲ್ಲಿ ಗೂಗಲ್ ಬಳಗದ ವೇಮೋ 2020ರ ಅಕ್ಟೋಬರಿನಲ್ಲಿ ಸಾಮಾನ್ಯ ಜನರಿಗೆ ಇಂಥ ಸವಾರಿ ತೆರೆದದ್ದಕ್ಕೂ ಅಬುಧಾಬಿ ಮುಂದೆ ಬಂದದ್ದಕ್ಕೂ ಒಂದು ಕಾರಣ ಸ್ಪಷ್ಟ: ಅಗಲ ರಸ್ತೆ, ಅಚ್ಚುಕಟ್ಟು ಗೆರೆ, ಅಪರೂಪದ ಮಳೆ. ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರು ಮೀರಿ ಮಳೆ. ಆಟಿಯಲ್ಲಿ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವಾಗ ರಸ್ತೆಯ ಗೆರೆ ನೀರಿನಡಿ ಇರುತ್ತದೆ. 2025ರ ಜುಲೈಯಲ್ಲಿ ಚೆರುವತ್ತೂರಿನ ವೀರಮಲೆ ಗುಡ್ಡ ಹೆದ್ದಾರಿಗೇ ಜರಿದು ಬಿತ್ತು. ನಿನ್ನೆ ಇದ್ದ ರಸ್ತೆ ಇಂದು ನಕ್ಷೆಯಲ್ಲಷ್ಟೇ ಉಳಿಯುವ ಊರು ಇದು.

ಗುಡ್ಡದ ಕಿರಿದಾದ ದಾರಿಯಲ್ಲಿ ಇಳಿಯುವವನು ಏರುವವನಿಗೆ ದಾರಿ ಬಿಡಬೇಕೆಂದು ನಿಯಮವೇ ಇದೆ. ಜಾಲ್ಸೂರು, ದೇಲಂಪಾಡಿ ಕಡೆಯ ಜೀಪಿನವರು ಅದನ್ನು ಪುಸ್ತಕ ಓದಿ ಕಲಿತದ್ದಲ್ಲ. ಎದುರಿನವನ ಗಾಡಿಯಲ್ಲಿ ರಬ್ಬರು ಶೀಟು ತುಂಬಿದೆಯೋ, ಬಸುರಿ ಹೆಂಗಸು ಕೂತಿದ್ದಾಳೋ ನೋಡಿ, ಕೈ ಬೀಸಿ, ಹಿಂದಕ್ಕೆ ತಿರುವಿನವರೆಗೂ ಹೋಗಿ ನಿಲ್ಲುತ್ತಾರೆ.

ಇನ್ನು ಆಸ್ಪತ್ರೆಯ ದಾರಿ. ಕಾಸರಗೋಡಿನ ಉತ್ತರ ಭಾಗದವರಿಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರು. ಉಕ್ಕಿನಡ್ಕದ ಸರ್ಕಾರಿ ವೈದ್ಯಕೀಯ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸವಾದರೂ ಅದು ಜನರಿಗೆ ಒದಗಲು ವರ್ಷಗಟ್ಟಲೆ ಹಿಡಿಯಿತು. ಎಂಡೋಸಲ್ಫಾನ್ ಪೀಡಿತ ಮಕ್ಕಳನ್ನು ಎತ್ತಿಕೊಂಡು ತಾಯಂದಿರು ಗಡಿ ದಾಟಿದ್ದು ಬಾಡಿಗೆ ಗಾಡಿಗಳಲ್ಲಿ. ಮಧ್ಯರಾತ್ರಿ ಎದೆನೋವೆಂದರೆ ಊರ ಸ್ಟ್ಯಾಂಡಿನ ಡ್ರೈವರಿಗೇ ಫೋನು; ಬಾಡಿಗೆಯ ಮಾತು ಆಮೇಲೆ. ಯಾವ ಆಸ್ಪತ್ರೆಯ ಯಾವ ಗೇಟು ರಾತ್ರಿ ತೆರೆದಿರುತ್ತದೆ, ಸ್ಟ್ರೆಚರು ಎಲ್ಲಿ ಸಿಗುತ್ತದೆ ಎಂಬುದು ಅವನಿಗೆ ಗೊತ್ತು. ಸಹಿ ಹಾಕುವ ಗಂಡಸಿಲ್ಲದ ಗಲ್ಫ್ ಮನೆಗಳಲ್ಲಿ ಬೆಳಗಿನವರೆಗೆ ಜೊತೆ ಕೂತದ್ದೂ ಅವನೇ. 2020ರ ಮಾರ್ಚಿನಲ್ಲಿ ಕೊರೊನಾದ ಕಾರಣಕ್ಕೆ ಕರ್ನಾಟಕ ಗಡಿ ಮುಚ್ಚಿ ರಸ್ತೆಗಳಿಗೆ ಮಣ್ಣು ಸುರಿದಾಗ, ಆಂಬುಲೆನ್ಸುಗಳೂ ತಲಪಾಡಿಯಲ್ಲಿ ನಿಂತವು. ಮಂಜೇಶ್ವರದ ಸುತ್ತಮುತ್ತ ಚಿಕಿತ್ಸೆ ಸಿಗದೆ ಜನ ಸತ್ತರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ಆದೇಶ ನೀಡಬೇಕಾಯಿತು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅಂದು ಗಡಿಯಲ್ಲಿ ಇಳಿದು, ಪೊಲೀಸರ ಎದುರು ಕೈಮುಗಿದು ಬೇಡಿಕೊಂಡವರೂ ಇದೇ ಚಾಲಕರು. ಗೇಟು ಮುಚ್ಚಿದೆ ಎಂದು ಗೊತ್ತಾದೊಡನೆ ಯಂತ್ರ ತಿರುಗಿ ಹೊರಡುತ್ತದೆ. ರೋಗಿಯ ಪರವಾಗಿ ಮಾತಾಡಲು ಅದಕ್ಕೆ ಬಾಯಿಲ್ಲ.

ಇಷ್ಟು ಹೇಳಿದ್ದು ಯಂತ್ರ ಬೇಡ ಎನ್ನಲಿಕ್ಕಲ್ಲ. ಕುಡಿದು ಓಡಿಸುವವರು, ನಿದ್ದೆಗಣ್ಣಿನಲ್ಲಿ ಓಡಿಸುವವರು, ಮೊಬೈಲು ನೋಡುತ್ತ ಓಡಿಸುವವರು ಕೊಂದ ಜೀವಗಳು ಕಡಿಮೆಯಲ್ಲ. ದಣಿಯದ ಯಂತ್ರ ಒಂದಿಷ್ಟು ಜೀವ ಉಳಿಸಬಲ್ಲದಾದರೆ ಸ್ವಾಗತಿಸೋಣ. ಆದರೆ ತಪ್ಪಾದಾಗ ಉತ್ತರ ಹೇಳುವವರು ಯಾರೆಂದು ಮೊದಲೇ ಬರೆದಿಡಬೇಕು. 2025ರ ಆಗಸ್ಟ್ 28ರಂದು ತಲಪಾಡಿಯಲ್ಲಿ ಬಸ್ಸೊಂದು ಹಿಡಿತ ತಪ್ಪಿ ಆರು ಮಂದಿ ಸತ್ತಾಗ, ಚಾಲಕನ ವೇಗವೋ ಬಸ್ಸಿನ ಸ್ಥಿತಿಯೋ ಎಂಬ ವಾದ ಎದ್ದಿತು. ಮನುಷ್ಯನೊಬ್ಬ ಸೀಟಿನಲ್ಲಿದ್ದಾಗಲೇ ಹೀಗೆ. ಸೀಟು ಖಾಲಿಯಿದ್ದರೆ? ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೋದಲ್ಲಿ 2025ರ ಸೆಪ್ಟೆಂಬರಿನಲ್ಲಿ ತಪ್ಪು ಜಾಗದಲ್ಲಿ ಯು ತಿರುವು ತೆಗೆದುಕೊಂಡ ವೇಮೋ ಕಾರನ್ನು ಪೊಲೀಸರು ತಡೆದರು. ಚೀಟಿ ಹರಿದು ಕೊಡಲು ಒಳಗೆ ಯಾರೂ ಇರಲಿಲ್ಲ. 2023ರ ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದದ್ದು ಇನ್ನೂ ಘೋರ. ಬೇರೊಂದು ಕಾರು ಬಡಿದು ತನ್ನ ಮುಂದೆ ಬಿದ್ದ ಹೆಂಗಸಿಗೆ ಕ್ರೂಸ್ ಕಂಪನಿಯ ಕಾರು ಡಿಕ್ಕಿ ಹೊಡೆಯಿತು. ಆಮೇಲೆ ಬದಿಗೆ ನಿಲ್ಲಿಸುವುದೇ ನಿಯಮವೆಂದು ತಿಳಿದು, ಅಡಿಗೆ ಸಿಕ್ಕಿದ ಅವರನ್ನು ಸುಮಾರು ಆರು ಮೀಟರು ಎಳೆದುಕೊಂಡು ಹೋಯಿತು. ಕಂಪನಿಯ ಪರವಾನಗಿ ಅಮಾನತಾಯಿತು, ಮರುವರ್ಷ ಟ್ಯಾಕ್ಸಿಯ ಕೆಲಸವೇ ನಿಂತಿತು.

ನಮ್ಮ 1988ರ ಮೋಟಾರು ವಾಹನ ಕಾಯ್ದೆ ಲೈಸೆನ್ಸಿರುವ ಮನುಷ್ಯನನ್ನು ನಡುವೆ ಇಟ್ಟು ಬರೆದದ್ದು. 2019ರ ತಿದ್ದುಪಡಿಯಲ್ಲಿ 2ಬಿ ಎಂಬ ಸಣ್ಣ ಕಲಮು ಸೇರಿತು: ಹೊಸ ಸಂಶೋಧನೆಗೆಂದು ಕೆಲವು ಬಗೆಯ ವಾಹನಗಳಿಗೆ ಕೇಂದ್ರ ಸರ್ಕಾರ ಕಾಯ್ದೆಯಿಂದ ವಿನಾಯಿತಿ ಕೊಡಬಹುದು. ಬಾಗಿಲು ಅಷ್ಟು ತೆರೆದಿದೆ. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಎಲ್‌ಎಂವಿ ಲೈಸೆನ್ಸು ಇದ್ದವರು 7,500 ಕಿಲೋ ಮೀರದ ಟ್ಯಾಕ್ಸಿ, ಗೂಡ್ಸು ಗಾಡಿಗಳನ್ನೂ ಓಡಿಸಬಹುದು ಎಂದಿತು. ಬ್ಯಾಡ್ಜ್ ಇಲ್ಲವೆಂದು ವಿಮಾ ಕಂಪನಿ ಕೈಬಿಟ್ಟೀತೆಂದು ಹೆದರುತ್ತಿದ್ದ ಸಣ್ಣ ಚಾಲಕರಿಗೆ ಅದು ದೊಡ್ಡ ನಿರಾಳ. ಚಾಲಕನಿಲ್ಲದ ವಾಹನಗಳು ಇನ್ನು ಕಟ್ಟುಕತೆಯಲ್ಲ ಎಂಬ ಮಾತು ಅದೇ ತೀರ್ಪಿನಲ್ಲಿದೆ. ಇತ್ತ ಸಚಿವ ನಿತಿನ್ ಗಡ್ಕರಿ, ಲಕ್ಷಾಂತರ ಚಾಲಕರ ಕೆಲಸ ಹೋಗುವುದರಿಂದ ಇಂಥ ಕಾರುಗಳನ್ನು ದೇಶಕ್ಕೆ ಬಿಡುವುದಿಲ್ಲ ಎಂದು 2017ರಲ್ಲೂ 2023ರಲ್ಲೂ ಹೇಳಿದರು. ಆದರೆ 2025ರ ಅಕ್ಟೋಬರಿನಲ್ಲಿ ಬೆಂಗಳೂರಿನ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನ ಅಂಗಳದಲ್ಲಿ, ವಿಪ್ರೋ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಜೊತೆ ಸೇರಿ ರೂಪಿಸಿದ ಚಾಲಕನಿಲ್ಲದ ಕಾರು ಓಡಿತು. ಉತ್ತರಾದಿ ಮಠದ ಸ್ವಾಮೀಜಿ ಅದರಲ್ಲಿ ಕುಳಿತ ದೃಶ್ಯವನ್ನು ನಾಡೆಲ್ಲ ನೋಡಿತು. ಸಚಿವರೊಬ್ಬರ ಮಾತು ಎಷ್ಟು ಕಾಲ ಒಂದು ಯಂತ್ರವನ್ನು ತಡೆದೀತು?

ತಡೆಯುವುದಕ್ಕಿಂತ ಅದು ಯಾರ ಕೈಯಲ್ಲಿರಬೇಕು ಎಂದು ಕೇಳುವುದು ಲೇಸು. ಈ ಪ್ರಶ್ನೆಗೆ ನಮ್ಮ ಸೀಮೆಯಲ್ಲೇ ಒಂದು ಹಳೆಯ ಉತ್ತರವಿದೆ. 1966ರ ಬೀಡಿ ಕಾರ್ಮಿಕರ ಕಾಯ್ದೆ ಜಾರಿಗೆ ಬರುವಾಗ ಮಂಗಳೂರು ಮೂಲದ ಬೀಡಿ ಕಂಪನಿಗಳು ಕಣ್ಣೂರು ಜಿಲ್ಲೆಯ ತಮ್ಮ ಘಟಕಗಳಿಗೆ ಬೀಗ ಹಾಕಿದವು. ಆಗ ಕಾಸರಗೋಡೂ ಆ ಜಿಲ್ಲೆಯ ಭಾಗ. ಸುಮಾರು 12 ಸಾವಿರ ಕೈಗಳು ಖಾಲಿಯಾದವು. 1969ರಲ್ಲಿ ಆ ಕಾರ್ಮಿಕರೇ ಸೇರಿ ಕೇರಳ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿದರು. ಬೀಡಿಯ ಕಾಲ ಇಳಿದಾಗ ಸಂಘ ಕೊಡೆ, ತೆಂಗಿನ ಹಾಲು, ಉಡುಪಿನ ಕಡೆ ಹೊರಳಿತು. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರು ಷಟ್ಪಥ ಹೆದ್ದಾರಿಯನ್ನು ಕಟ್ಟಿದ್ದೂ ಕೆಲಸಗಾರರ ಸಹಕಾರ ಸಂಘವೇ: 1925ರಲ್ಲಿ ಹುಟ್ಟಿದ ಊರಾಳುಂಗಲ್.

ಚಾಲಕನಿಲ್ಲದ ಟ್ಯಾಕ್ಸಿ ಈ ಜಿಲ್ಲೆಗೆ ಎಂದಾದರೂ ಬಂದರೆ ಮೊದಲು ಓಡುವುದು ಈ 39 ಕಿಲೋಮೀಟರಿನಲ್ಲೇ. ಗೆರೆ ಸ್ಪಷ್ಟವಿರುವ, ಸಿಗ್ನಲಿನ ಗೊಡವೆಯಿಲ್ಲದ ರಸ್ತೆ ಬೇರೆ ನಮ್ಮಲ್ಲಿಲ್ಲ. ಅದರ ಪರ್ಮಿಟು ದೂರದ ಕಂಪನಿಗೆ ಹೋಗದೆ ಉಪ್ಪಳ, ಕುಂಬಳೆಯ ಸ್ಟ್ಯಾಂಡುಗಳಲ್ಲಿ ಗಾಡಿ ಇಟ್ಟುಕೊಂಡವರ ಸಹಕಾರ ಸಂಘಕ್ಕೆ ಸಿಗಲಿ. ಗಲ್ಫಿನಿಂದ ಕೆಲಸ ಬಿಟ್ಟು ಬಂದ ಚಾಲಕರಿಗೆ ಅದರಲ್ಲಿ ಪಾಲಿರಲಿ. ದೂರದಿಂದ ಕಾರಿಗೆ ದಾರಿ ಹೇಳುವ ಕೋಣೆ ಹೊರನಾಡಿನಲ್ಲಿರದೆ ಜಿಲ್ಲೆಯೊಳಗೇ ಇರಲಿ. ಅಲ್ಲಿ ಕೂತವರಿಗೆ ಕನ್ನಡ, ಮಲಯಾಳ, ತುಳು ಬರಲಿ. ಹೆದ್ದಾರಿ ಬಿಟ್ಟು ಒಳದಾರಿಗೆ ಇಳಿಯುವಲ್ಲಿ ಮನುಷ್ಯ ಚಾಲಕನೇ ಕಾರನ್ನು ವಹಿಸಿಕೊಳ್ಳಲಿ. ಅಪಘಾತವಾದರೆ ಮೊದಲ ಹೊಣೆ ಯಾರದೆಂದು ಪರ್ಮಿಟಿನಲ್ಲೇ ನಮೂದಾಗಲಿ. ಮತ್ತು ಆ ಕಾರು ರಸ್ತೆಗಿಳಿಯುವ ಮುಂಚೆ, ಹದಿನೆಂಟು ತುಂಬಿದ ನಮ್ಮ ಹುಡುಗ ಹುಡುಗಿಯರಂತೆಯೇ, ಬೇಳದ ಮೈದಾನದಲ್ಲಿ ಟೆಸ್ಟು ಕೊಡಲಿ. ಜುಲೈ ತಿಂಗಳಲ್ಲಿ, ಮಳೆ ಸುರಿಯುವಾಗ.