ಕೈ ಕಟ್ಟಿಕೊಂಡವರ ಚೌಕಾಸಿ ಮತ್ತು 2033ರ ಗಡುವು

ಅಮೆರಿಕದ ನಿವೃತ್ತರಿಗೆ ಪ್ರತಿ ತಿಂಗಳು ಹಣ ಕೊಡುವ ಸೋಷಿಯಲ್ ಸೆಕ್ಯುರಿಟಿ ನಿಧಿಯ ಮೀಸಲು 2033ರಲ್ಲಿ ಬರಿದಾಗಲಿದೆ. 2025ರ ಜೂನ್‌ನಲ್ಲಿ ಆ ನಿಧಿಯ ಟ್ರಸ್ಟಿಗಳೇ ಕೊಟ್ಟ ಲೆಕ್ಕವಿದು. ಆಮೇಲೆ ದುಡಿಯುವವರ ಸಂಬಳದಿಂದ ಮುರಿದುಕೊಳ್ಳುವ ತೆರಿಗೆಯೇ ಮುಖ್ಯ ಆಧಾರ. ಆ ವರಮಾನ ಕೊಡಬೇಕಾದ ಪಿಂಚಣಿಯ ಶೇ 77ರಷ್ಟಕ್ಕೆ ಮಾತ್ರ ಸಾಕಾಗುತ್ತದೆ. ಕಾನೂನು ಬದಲಾಗದಿದ್ದರೆ ಸುಮಾರು 6 ಕೋಟಿ ಜನರ ಪಿಂಚಣಿ ಒಮ್ಮೆಲೇ ಶೇ 23ರಷ್ಟು ಇಳಿಯುತ್ತದೆ. ಅವರಲ್ಲಿ ಬಹಳಷ್ಟು ಮಂದಿಗೆ ಔಷಧಿ, ಬಾಡಿಗೆ, ಊಟ ಎಲ್ಲಕ್ಕೂ ಆ ಹಣವೇ ದಿಕ್ಕು.

ಲೆಕ್ಕವಾಗಿ ನೋಡಿದರೆ ಇದು ಬಗೆಹರಿಯದ ಗಂಟೇನಲ್ಲ. ತೆರಿಗೆ ಏರಬೇಕು, ಇಲ್ಲವೇ ಸೌಲಭ್ಯ ತಗ್ಗಬೇಕು, ಇಲ್ಲವೇ ಎರಡೂ ಸ್ವಲ್ಪ ಸ್ವಲ್ಪ ಆಗಬೇಕು. ನನ್ನ ಆತಂಕ ಇರುವುದು ರಾಜಕೀಯದ ಬಗ್ಗೆ. ಅಂಥ ರಾಜಿಗೆ ಬರುವ ಶಕ್ತಿಯನ್ನು ವಾಷಿಂಗ್ಟನ್ ವರ್ಷದಿಂದ ವರ್ಷಕ್ಕೆ ಕಳೆದುಕೊಳ್ಳುತ್ತಿದೆ.

ಒಂದು ಕಾಲದಲ್ಲಿ ಆ ಶಕ್ತಿ ಇತ್ತು. 1983ರಲ್ಲೂ ಇದೇ ನಿಧಿ ಬರಿದಾಗಲು ಕೆಲವೇ ತಿಂಗಳು ಉಳಿದಿದ್ದವು. ಅಧ್ಯಕ್ಷ ರೊನಾಲ್ಡ್ ರೇಗನ್ ರಿಪಬ್ಲಿಕನ್, ಸಂಸತ್ತಿನ ಕೆಳಮನೆಯ ಸ್ಪೀಕರ್ ಟಿಪ್ ಓನೀಲ್ ಡೆಮಾಕ್ರಟ್. ಅರ್ಥಶಾಸ್ತ್ರಜ್ಞ ಅಲನ್ ಗ್ರೀನ್‌ಸ್ಪ್ಯಾನ್ ನೇತೃತ್ವದ ಆಯೋಗದ ನೆರವಿನಿಂದ ಎರಡೂ ಪಕ್ಷಗಳು ಒಂದು ಒಪ್ಪಂದಕ್ಕೆ ಬಂದವು. ಮುಂದೆಂದೋ ಏರಬೇಕಿದ್ದ ತೆರಿಗೆ ಬೇಗನೆ ಏರಿತು. ಉಳ್ಳವರ ಪಿಂಚಣಿಯ ಒಂದು ಭಾಗಕ್ಕೂ ತೆರಿಗೆ ಬಿತ್ತು. ಪೂರ್ಣ ಪಿಂಚಣಿಯ ವಯಸ್ಸನ್ನು 65ರಿಂದ 67ಕ್ಕೆ ಮೆಲ್ಲಗೆ ಏರಿಸಲು ಕಾನೂನಾಯಿತು. ಒಬ್ಬರು ತೆರಿಗೆಯನ್ನು ನುಂಗಿಕೊಂಡರು, ಇನ್ನೊಬ್ಬರು ಕಡಿತವನ್ನು. ನೋವು ಹಂಚಿಹೋದ್ದರಿಂದ ಒಂದೇ ಪಕ್ಷ ಮತದಾರರ ಕೋಪಕ್ಕೆ ತುತ್ತಾಗಲಿಲ್ಲ.

ಅಲ್ಲಿಂದೀಚೆಗೆ ಆದದ್ದನ್ನು ಅರಿಯಲು ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ ಅವರ ಒಂದು ವಿಚಾರ ನೆರವಾಗುತ್ತದೆ. ಚೌಕಾಸಿಗೆ ಕೂರುವವನು ಮೊದಲೇ ತನ್ನ ಕೈಗಳನ್ನು ತಾನೇ ಕಟ್ಟಿಕೊಂಡರೆ ಅವನ ಬಲ ಹೆಚ್ಚುತ್ತದೆ ಎಂದು ಅವರು 1960ರಲ್ಲಿ ವಿವರಿಸಿದರು. ‘ನಾನು ಬಗ್ಗುವಂತೆಯೇ ಇಲ್ಲ’ ಎಂದು ಎದುರಾಳಿಗೆ ಖಚಿತವಾದರೆ ಬಗ್ಗಬೇಕಾದವನು ಅವನೇ. ಆದರೆ ಇಬ್ಬರೂ ಕೈ ಕಟ್ಟಿಕೊಂಡು ಬಂದರೆ ಮಾತುಕತೆ ಮುರಿಯುತ್ತದೆ, ಪೆಟ್ಟು ಇಬ್ಬರಿಗೂ ಬೀಳುತ್ತದೆ.

1986ರಲ್ಲಿ ತೆರಿಗೆ ವಿರೋಧಿ ಹೋರಾಟಗಾರ ಗ್ರೋವರ್ ನಾರ್ಕ್ವಿಸ್ಟ್ ‘ತೆರಿಗೆ ಏರಿಸುವುದಿಲ್ಲ’ ಎಂಬ ಲಿಖಿತ ಪ್ರತಿಜ್ಞೆಯೊಂದನ್ನು ಚಾಲ್ತಿಗೆ ತಂದರು. ರಿಪಬ್ಲಿಕನ್ ಅಭ್ಯರ್ಥಿಗಳ ಪಾಲಿಗೆ ಅದು ಬರಬರುತ್ತಾ ಕಡ್ಡಾಯದಂತೆಯೇ ಆಯಿತು. 2011ರ ಆಗಸ್ಟ್‌ನಲ್ಲಿ ಅಯೋವಾದ ಚರ್ಚೆಯೊಂದರಲ್ಲಿ ಆ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಲು ಬಯಸಿದ್ದ ಎಂಟು ಜನರಿಗೆ ಒಂದು ಪ್ರಶ್ನೆ ಕೇಳಲಾಯಿತು: ಹತ್ತು ಡಾಲರ್ ವೆಚ್ಚ ಕಡಿತಕ್ಕೆ ಒಂದು ಡಾಲರ್ ತೆರಿಗೆ ಏರಿಸುವ ಒಪ್ಪಂದವಾದರೂ ತಿರಸ್ಕರಿಸುವಿರಾ? ಎಂಟೂ ಜನ ಕೈ ಎತ್ತಿದರು. ಡೆಮಾಕ್ರಟರೂ ಕೈ ಕಟ್ಟಿಕೊಂಡಿದ್ದಾರೆ. ವರ್ಷಕ್ಕೆ 4 ಲಕ್ಷ ಡಾಲರ್‌ಗಿಂತ ಕಡಿಮೆ ಗಳಿಸುವವರ ತೆರಿಗೆ ಏರಿಸುವುದಿಲ್ಲ ಎಂದು ಬೈಡನ್ ಮಾತು ಕೊಟ್ಟರು. ಸೋಷಿಯಲ್ ಸೆಕ್ಯುರಿಟಿ ಕಡಿತ ಮಾಡುವುದಿಲ್ಲ ಎಂಬ ಮಾತು ಬೈಡನ್ ಅವರಿಂದಲೂ ಬಂತು, ಟ್ರಂಪ್ ಅವರಿಂದಲೂ ಬಂತು. ತೆರಿಗೆಯ ಬಾಗಿಲೂ ಕಡಿತದ ಬಾಗಿಲೂ ಹೀಗೆ ಮುಚ್ಚಿದರೆ ದಾರಿ ಯಾವುದು?

ಈ ಪಟ್ಟುಗಳಿಗೆ ಬೆಲೆ ತೆತ್ತದ್ದಕ್ಕೆ ದಾಖಲೆ ಇದೆ. 2011ರ ಜುಲೈನಲ್ಲಿ ಒಬಾಮ ಮತ್ತು ಸ್ಪೀಕರ್ ಜಾನ್ ಬೇನರ್ ನಡುವೆ ತೆರಿಗೆ ಮತ್ತು ವೆಚ್ಚ ಕಡಿತದ ದೊಡ್ಡ ಒಪ್ಪಂದಕ್ಕಾಗಿ ನಡೆದ ಮಾತುಕತೆ ಮುರಿದುಬಿತ್ತು. ಸರ್ಕಾರದ ಸಾಲದ ಮಿತಿ ಏರಿಸುವ ಕಾನೂನಿಗೆ ಸಹಿ ಬಿದ್ದದ್ದು ಕೊನೆಯ ಗಡಿಯಲ್ಲಿ, ಆಗಸ್ಟ್ 2ರಂದು. ಒಂದು ಕಂತೂ ತಪ್ಪಿರಲಿಲ್ಲ. ಆದರೂ ಆ ವರ್ಷ ಸರ್ಕಾರದ ಸಾಲದ ವೆಚ್ಚ ಸುಮಾರು 130 ಕೋಟಿ ಡಾಲರ್ ಹೆಚ್ಚಿತೆಂದು ಅಲ್ಲಿನ ಲೆಕ್ಕಪರಿಶೋಧನಾ ಸಂಸ್ಥೆ ಅಂದಾಜಿಸಿತು. ಸಹಿ ಬಿದ್ದ ಮೂರೇ ದಿನದಲ್ಲಿ ದರ್ಜೆ ನಿರ್ಣಯ ಸಂಸ್ಥೆ ಸ್ಟ್ಯಾಂಡರ್ಡ್ ಅಂಡ್ ಪೂರ್ಸ್ ಅಮೆರಿಕದ ಸಾಲದ ದರ್ಜೆ ಇಳಿಸಿತು. 2023ರಲ್ಲಿ ಫಿಚ್ ಇಳಿಸಿದಾಗ ಸಾಲದ ಮಿತಿಯ ಮೇಲಿನ ಈ ಪದೇಪದೇ ಜಗ್ಗಾಟವನ್ನೇ ಕಾರಣಗಳಲ್ಲಿ ಹೆಸರಿಸಿತು. 2025ರ ಮೇ ತಿಂಗಳಲ್ಲಿ ಮೂಡೀಸ್ ಕೂಡ ಇಳಿಸಿದ್ದರಿಂದ ಮೂರೂ ಸಂಸ್ಥೆಗಳ ಅತ್ಯುನ್ನತ ದರ್ಜೆ ಕೈತಪ್ಪಿತು. 2024ರ ಹಣಕಾಸು ವರ್ಷದಲ್ಲಿ ಬಡ್ಡಿಗೆ ಹೋದ ಹಣ ರಕ್ಷಣಾ ವೆಚ್ಚವನ್ನೂ ಮೀರಿತ್ತು.

‘ಕೊನೆಗೆ ಹೇಗೋ ಸರಿಹೋಗುತ್ತದೆ’ ಎನ್ನುವವರು 2011ರ ಇನ್ನೊಂದು ತುದಿಯನ್ನು ನೋಡಬೇಕು. ಸಾಲದ ಮಿತಿ ಏರಿಸಿದ ಅದೇ ಕಾನೂನು ಎರಡೂ ಪಕ್ಷಗಳ 12 ಸದಸ್ಯರ ಸಮಿತಿಯೊಂದನ್ನು ರಚಿಸಿತ್ತು. ಅವರು ಒಪ್ಪಂದಕ್ಕೆ ಬಾರದಿದ್ದರೆ ರಕ್ಷಣೆಯಿಂದ ಹಿಡಿದು ಸಂಶೋಧನೆಯವರೆಗೆ ಅನುದಾನ ತಾನಾಗಿಯೇ ಕಡಿತವಾಗುವ ಏರ್ಪಾಡಿತ್ತು. ಯಾರಿಗೂ ಬೇಡವಾದ ಆ ಕಡಿತದ ಭಯವೇ ಅವರನ್ನು ಒಂದುಗೂಡಿಸುತ್ತದೆ ಎಂಬ ಲೆಕ್ಕಾಚಾರ ಅದು. ಸಮಿತಿ ನವೆಂಬರ್‌ನಲ್ಲಿ ಕೈಚೆಲ್ಲಿತು. 2013ರ ಮಾರ್ಚ್‌ನಲ್ಲಿ ಕಡಿತ ಜಾರಿಗೆ ಬಂತು. ಬೆದರಿಕೆಗೆಂದು ಇಟ್ಟದ್ದು ನಿಜವಾಗಿಯೇ ಸಿಡಿಯಿತು.

2033ರ ಕಡಿತವೂ ಹೀಗೆ ತಾನಾಗಿಯೇ ಬೀಳುವಂಥದ್ದು. ಸಾಲದ ಮಿತಿಯನ್ನಾದರೆ ರಾತ್ರೋರಾತ್ರಿ ಒಂದು ಮತದಿಂದ ಏರಿಸಬಹುದು. ಆದರೆ ಪಿಂಚಣಿ ನಿಧಿಯ ಕೊರತೆ ಕಾದಷ್ಟೂ ಬೆಳೆಯುತ್ತದೆ. ಕಾರ್ಮಿಕ ಮತ್ತು ಮಾಲೀಕ ಸೇರಿ ಕಟ್ಟುವ ತೆರಿಗೆ ಈಗ ಸಂಬಳದ ಶೇ 12.4. ತೆರಿಗೆಯಿಂದಲೇ ಕೊರತೆ ತುಂಬುವುದಾದರೆ ತಕ್ಷಣ ಸುಮಾರು 3.65 ಶೇಕಡಾವಾರು ಅಂಶ ಏರಿಸಬೇಕು. 2034ರವರೆಗೆ ಕಾದರೆ ಸುಮಾರು 4.27 ಅಂಶ. ಟ್ರಸ್ಟಿಗಳದೇ ಅಂದಾಜಿದು.

ಎಚ್‌-1ಬಿ ವೀಸಾದ ಮೇಲೆ ಅಲ್ಲಿ ದುಡಿಯುತ್ತಿರುವ ಕನ್ನಡಿಗರ ಸಂಬಳದಿಂದಲೂ ಈ ತೆರಿಗೆಯ ಅರ್ಧ, ಅಂದರೆ ಶೇ 6.2, ಕಡಿತವಾಗುತ್ತಿದೆ. ಭಾರತಕ್ಕೂ ಅಮೆರಿಕಕ್ಕೂ ಈ ವಿಷಯದಲ್ಲಿ ಪರಸ್ಪರ ಒಪ್ಪಂದವಿಲ್ಲ. ಹತ್ತು ವರ್ಷದಷ್ಟು ತೆರಿಗೆ ಕಟ್ಟುವ ಮೊದಲೇ ಊರಿಗೆ ಮರಳಿದವರಿಗೆ ನಿವೃತ್ತಿ ಪಿಂಚಣಿ ಸಿಗುವುದಿಲ್ಲ. ಅಲ್ಲೇ ನೆಲೆಸಿ ವಯಸ್ಸಾಗುತ್ತಿರುವವರ ಎದುರಿಗೆ ಈಗ 2033 ನಿಂತಿದೆ.

ಅಮೆರಿಕದ ಸೆನೆಟರ್‌ಗಳ ಅವಧಿ ಆರು ವರ್ಷ. 2026ರ ನವೆಂಬರ್‌ನಲ್ಲಿ ಪೂರ್ಣ ಅವಧಿಗೆ ಆಯ್ಕೆಯಾಗುವವರು 2033ರ ಜನವರಿಯವರೆಗೆ ಕುರ್ಚಿಯಲ್ಲಿರುತ್ತಾರೆ. ಈ ಕೊರತೆಯನ್ನು ಗಡುವಿನೊಳಗೆ ತುಂಬಬೇಕಾದವರಲ್ಲಿ ಅವರೂ ಇದ್ದಾರೆ. ಯಾವ ಪ್ರತಿಜ್ಞೆಗೆ ಸಹಿ ಹಾಕಿದ್ದೀರಿ, ಯಾವುದಕ್ಕೆ ಹಾಕುವುದಿಲ್ಲ ಎಂದು ಅವರನ್ನು ಕೇಳಬೇಕಾದದ್ದು ಮತ ಹಾಕುವ ಮೊದಲೇ.