ಮಿಲಿಟರಿಯೋರ ಮನೆ ಮಕ್ಕಳ ಓದು: ಟ್ರಂಕಿನಲ್ಲಿರುವ ಆ ಪುಸ್ತಕ ಒಮ್ಮೆ ತೆಗೆದು ನೋಡಿ

ಮಾಜಿ ಸೈನಿಕರ ಮಕ್ಕಳ ಓದಿಗೆ ಸರ್ಕಾರದ ಹಣವಿದೆ. ಸೈನಿಕರ ಪತ್ನಿ ಒಂಟಿಯಾಗಿ ಉಳಿದಿದ್ದರೆ ಅವರ ಓದಿಗೂ ಇದೆ. ಆದರೆ ಅದು ತಾನಾಗಿ ಮನೆ ಬಾಗಿಲಿಗೆ ಬರುವುದಿಲ್ಲ. ಕಾಗದಪತ್ರ ಸರಿಯಾಗಿರಬೇಕು, ಸಮಯಕ್ಕೆ ಕೇಳಬೇಕು.

ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲದ ಕಡೆ ಯಾವುದೇ ಊರಿಗೆ ಹೋಗಿ, ಒಂದೆರಡು ಮನೆಗಳಿಗೆ 'ಮಿಲಿಟರಿಯೋರ ಮನೆ' ಅಂತಲೇ ಹೆಸರು. ಯಜಮಾನರು ಹದಿನೈದೋ ಹದಿನೇಳೋ ವರ್ಷ ಸೇವೆ ಮಾಡಿ ಬಂದಿರುತ್ತಾರೆ. ಪೆನ್ಷನ್ ಬರುತ್ತಿರುತ್ತದೆ, ಕ್ಯಾಂಟೀನ್ ಸಾಮಾನು ಬರುತ್ತಿರುತ್ತದೆ. ಮಗಳು ಪಿಯುಸಿ ಮುಗಿಸಿ ಕಾಲೇಜು ಫೀಸಿನ ಮಾತು ಬಂದಾಗ ಮಾತ್ರ ಸಂಘದಲ್ಲಿ ಸಾಲ, ಇಲ್ಲವೇ ಒಡವೆ ಅಡ. ಮಿಲಿಟರಿಯವರ ಮಕ್ಕಳಿಗೆ ಸ್ಕಾಲರ್‌ಶಿಪ್ ಇದೆಯಂತಲ್ಲ ಎಂದು ಯಾರೋ ಹೇಳುವ ಹೊತ್ತಿಗೆ ಮಗಳು ಎರಡನೇ ವರ್ಷದಲ್ಲಿರುತ್ತಾಳೆ. ಆಗ ಕೇಳಿದರೆ ಪ್ರಯೋಜನವಿಲ್ಲ.

ಮನೆಯಲ್ಲಿ ಮಕ್ಕಳ ಓದಿನ ಲೆಕ್ಕ ಇಟ್ಟುಕೊಳ್ಳುವವರು ನೀವು. ಮಾರ್ಕ್ಸ್ ಕಾರ್ಡ್, ಫೀಸ್ ರಸೀದಿ ಜೋಪಾನ ಮಾಡುವವರೂ ನೀವೇ. ಹಾಗಾಗಿ ಈ ವಿಷಯವೂ ನಿಮಗೇ ಗೊತ್ತಿರಲಿ.

ಮೊದಲು ಹೆಸರು ನೋಡಿ

ಸೈನ್ಯದಿಂದ ಬಿಡುಗಡೆಯಾಗುವಾಗ ಯಜಮಾನರಿಗೆ ಡಿಸ್‌ಚಾರ್ಜ್ ಬುಕ್ ಅಂತ ಒಂದು ಪುಸ್ತಕ ಕೊಟ್ಟಿರುತ್ತಾರೆ. ಬಹಳ ಮನೆಗಳಲ್ಲಿ ಅದು ಕಪ್ಪು ಟ್ರಂಕಿನ ತಳದಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ ಭದ್ರವಾಗಿರುತ್ತದೆ. ಭದ್ರವೇನೋ ಸರಿ, ಓದಿದವರು ಕಡಿಮೆ. ಅದರಲ್ಲಿ ಕುಟುಂಬದ ವಿವರ ಬರೆದ ಪುಟವಿರುತ್ತದೆ. ಅಲ್ಲಿ ನಿಮ್ಮ ಹೆಸರು, ಮಕ್ಕಳ ಹೆಸರು, ಹುಟ್ಟಿದ ದಿನಾಂಕ ಇದೆಯೇ? ಇದ್ದರೆ ಆಧಾರ್‌ನಲ್ಲಿರುವ ಹಾಗೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹಾಗೆ ಅಕ್ಷರಕ್ಕಕ್ಷರ ಹೊಂದುತ್ತದೆಯೇ?

ನಮ್ಮ ಕಡೆ ಹೆಸರುಗಳಲ್ಲಿ ಇದೇ ದೊಡ್ಡ ತೊಡಕು. ಉತ್ತರದ ಯಾವುದೋ ಕ್ಯಾಂಪಿನಲ್ಲಿ ಕೂತ ಗುಮಾಸ್ತರು ಲಕ್ಷ್ಮಮ್ಮನನ್ನು ಇಂಗ್ಲಿಷಿನಲ್ಲಿ ಒಂದು ರೀತಿ ಬರೆದಿರುತ್ತಾರೆ, ಆಧಾರ್ ಮಾಡುವವರು ಇನ್ನೊಂದು ರೀತಿ. ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ. ಮಗು ಹುಟ್ಟಿದಾಗ ಮನೆಯಲ್ಲಿ ಕರೆಯುತ್ತಿದ್ದ ಹೆಸರನ್ನೇ ಯಜಮಾನರು ಪಲ್ಟನ್‌ನಲ್ಲಿ ಬರೆಸಿರುತ್ತಾರೆ, ಶಾಲೆಗೆ ಸೇರಿಸುವಾಗ ಬೇರೆ ಹೆಸರು ಕೊಟ್ಟಿರುತ್ತೀರಿ. ನಿವೃತ್ತಿಯ ನಂತರ ಹುಟ್ಟಿದ ಮಗುವಿನ ಹೆಸರು ದಾಖಲೆಯಲ್ಲಿ ಇಲ್ಲದೆಯೂ ಇರಬಹುದು. ಮನೆಯವರಿಗೆ ಇದೆಲ್ಲ ಸಣ್ಣ ವಿಷಯ. ಅರ್ಜಿ ಪರಿಶೀಲಿಸುವವರ ಮುಂದೆ ಮಾತ್ರ ಈ ಮಗು ಆ ಸೈನಿಕರದೇ ಎಂದು ಹೇಳಲು ಬೇರೆ ಸಾಕ್ಷಿಯೇ ಇರುವುದಿಲ್ಲ.

ತಪ್ಪಿದ್ದರೆ ಗಾಬರಿ ಬೇಡ, ತಿದ್ದಿಸಬಹುದು. ಅದನ್ನು ಮಾಡುವುದು ಯಜಮಾನರು ಸೇವೆ ಮಾಡಿದ ವಿಭಾಗದ ರೆಕಾರ್ಡ್ ಆಫೀಸ್. ಮದ್ರಾಸ್ ಇಂಜಿನಿಯರ್ ಗ್ರೂಪ್, ಅಂದರೆ ಎಂಇಜಿಯಾಗಿದ್ದರೆ ಬೆಂಗಳೂರಿನಲ್ಲೇ ಇದೆ. ಆರ್ಟಿಲರಿ ಆಗಿದ್ದರೆ ನಾಸಿಕ್, ಸಿಗ್ನಲ್ಸ್ ಆಗಿದ್ದರೆ ಜಬಲ್ಪುರ, ಇಎಂಇ ಆಗಿದ್ದರೆ ಸಿಕಂದರಾಬಾದ್. ನೀವು ಅಲ್ಲಿಗೆಲ್ಲ ಅಲೆಯಬೇಕಿಲ್ಲ. ಜನನ ಪ್ರಮಾಣಪತ್ರ, ಅಂಕಪಟ್ಟಿ, ಅಫಿಡವಿಟ್ ಜೊತೆಗೆ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಕಳಿಸಬಹುದು. ಆದರೆ ಕಾಗದ ಹೋಗಿ ಬರಲು ತಿಂಗಳುಗಳೇ ಹಿಡಿಯಬಹುದು. ಮಗು ಹೈಸ್ಕೂಲಿನಲ್ಲಿರುವಾಗಲೇ ಮುಗಿಸಿಕೊಳ್ಳಿ ಅನ್ನುವುದು ಅದಕ್ಕೇ.

ಇನ್ನೊಂದು ಮಾತು. ಕ್ಯಾಂಟೀನ್ ಕಾರ್ಡ್ ಇದೆ, ಇಸಿಎಚ್‌ಎಸ್ ಆಸ್ಪತ್ರೆ ಕಾರ್ಡ್ ಇದೆ, ಇನ್ನೇನು ಬೇಕು ಅಂದುಕೊಂಡಿರುತ್ತೀರಿ. ಅವೆರಡೂ ಬೇರೆ. ಓದಿನ ಸೌಲಭ್ಯಕ್ಕೆ ಬೇಕಾದದ್ದು ಸೈನಿಕ ಕಲ್ಯಾಣ ಇಲಾಖೆಯಲ್ಲಿ ನೋಂದಣಿ, ಮತ್ತು ಅಲ್ಲಿಂದ ಕೊಡುವ ಮಾಜಿ ಸೈನಿಕರ ಗುರುತಿನ ಚೀಟಿ.

ಒಂದನೇ ಕ್ಲಾಸಿನಿಂದ ಪದವಿವರೆಗೆ

ಪ್ರತಿವರ್ಷ ಡಿಸೆಂಬರ್ 7ಕ್ಕೆ ಧ್ವಜ ದಿನ. ಶಾಲೆಯಲ್ಲಿ ಡಬ್ಬಿಗೆ ಕಾಸು ಹಾಕಿ, ಎದೆಗೆ ಪುಟ್ಟ ಬಾವುಟ ಚುಚ್ಚಿಕೊಂಡು ಮಕ್ಕಳು ಮನೆಗೆ ಬರುತ್ತಾರಲ್ಲ, ಅದೇ ಧ್ವಜ ದಿನದ ನಿಧಿಯ ಹಣದಲ್ಲಿ ಒಂದು ಪಾಲು ರಕ್ಷಣಾ ಮಂತ್ರಿಗಳ ಮಾಜಿ ಸೈನಿಕ ಕಲ್ಯಾಣ ನಿಧಿಯ ಮೂಲಕ ಸೈನಿಕರ ಮಕ್ಕಳ ಓದಿಗೆ ಹೋಗುತ್ತದೆ.

ಹವಾಲ್ದಾರ್ ದರ್ಜೆಯವರೆಗಿನ ಮಾಜಿ ಸೈನಿಕರ ಇಬ್ಬರು ಮಕ್ಕಳಿಗೆ, ಒಂದನೇ ತರಗತಿಯಿಂದ ಪದವಿವರೆಗೆ ಈ ನೆರವು ಸಿಗುತ್ತದೆ. ಪೆನ್ಷನ್ ಇಲ್ಲದ ಮಾಜಿ ಸೈನಿಕರಿಗೂ ಉಂಟು. ಮೊದಲು ತಿಂಗಳಿಗೆ 1,000 ರೂಪಾಯಿ ಇತ್ತು. 2025ರ ಅಕ್ಟೋಬರ್‌ನಲ್ಲಿ ರಕ್ಷಣಾ ಸಚಿವಾಲಯ ಅದನ್ನು ದುಪ್ಪಟ್ಟು ಮಾಡಿತು. 2025ರ ನವೆಂಬರ್ 1ರಿಂದ ಸಲ್ಲಿಸಿದ ಅರ್ಜಿಗಳಿಗೆ ಒಂದು ಮಗುವಿಗೆ ತಿಂಗಳಿಗೆ 2,000. ಇಬ್ಬರು ಮಕ್ಕಳಿದ್ದರೆ ವರ್ಷಕ್ಕೆ 48,000 ರೂಪಾಯಿ ಆಯಿತು. ಸಣ್ಣ ಮೊತ್ತವೇನಲ್ಲ.

ಇದು ಒಮ್ಮೆ ಅರ್ಜಿ ಹಾಕಿ ಕೂತರೆ ಬರುವ ಹಣವಲ್ಲ. ಮಗು ಪಾಸಾದ ತರಗತಿಯ ಅಂಕಪಟ್ಟಿ ಇಟ್ಟು ಪ್ರತಿವರ್ಷವೂ ಕೇಳಬೇಕು. ಫಲಿತಾಂಶ ಬಂದ ವಾರವೇ ಅಂಕಪಟ್ಟಿಯ ಪ್ರತಿ ತೆಗೆದು ಫೈಲಿಗೆ ಹಾಕುವುದು ರೂಢಿ ಮಾಡ್ಕೊಳ್ಳಿ.

ಪಿಯುಸಿ ಆಯ್ತು, ಮುಂದೆ?

ಇಂಜಿನಿಯರಿಂಗ್, ಮೆಡಿಕಲ್, ಡೆಂಟಲ್, ನರ್ಸಿಂಗ್, ಬಿ.ಫಾರ್ಮಾ, ಬಿ.ಎಡ್, ಬಿಬಿಎ, ಬಿಸಿಎಯಂಥ ವೃತ್ತಿಪರ ಕೋರ್ಸ್ ಸೇರುವ ಮಕ್ಕಳಿಗೆ ಪ್ರಧಾನಮಂತ್ರಿ ವಿದ್ಯಾರ್ಥಿವೇತನವಿದೆ. 2006-07ರಲ್ಲಿ ಶುರುವಾದ ಈ ಯೋಜನೆಯಲ್ಲಿ ವರ್ಷಕ್ಕೆ 5,500 ಮಕ್ಕಳಿಗೆ ಅವಕಾಶ. ಅದರಲ್ಲಿ ಅರ್ಧ, ಅಂದರೆ 2,750, ಹೆಣ್ಣುಮಕ್ಕಳಿಗೇ ಮೀಸಲು. 2019-20ರಿಂದ ದರ ಹೀಗಿದೆ: ಗಂಡುಮಕ್ಕಳಿಗೆ ತಿಂಗಳಿಗೆ 2,500, ಹೆಣ್ಣುಮಕ್ಕಳಿಗೆ 3,000 ರೂಪಾಯಿ. ಮಗಳು ನಾಲ್ಕು ವರ್ಷ ಬಿ.ಇ. ಓದಿದರೆ ಒಟ್ಟು 1,44,000. ಹುಡುಗಿಗೆ ಇಷ್ಟು ಓದು ಸಾಕು ಅನ್ನುವ ಹಿರಿಯರು ಮನೆಯಲ್ಲಿದ್ದರೆ ಈ ಲೆಕ್ಕ ಅವರ ಮುಂದಿಡಿ!

ಷರತ್ತುಗಳನ್ನು ಗಮನವಿಟ್ಟು ಓದಿ.

* ಪಿಯುಸಿ, ಡಿಪ್ಲೊಮಾ ಅಥವಾ ಪದವಿ, ಆ ಕೋರ್ಸಿಗೆ ಯಾವುದು ಕನಿಷ್ಠ ಅರ್ಹತೆಯೋ ಅದರಲ್ಲಿ ಶೇ 60 ಅಂಕ ಬೇಕು.
* ಕೋರ್ಸಿಗೆ ಎಐಸಿಟಿಇ, ಯುಜಿಸಿಯಂಥ ಸಂಸ್ಥೆಯ ಮಾನ್ಯತೆ ಇರಬೇಕು. ದೂರ ಶಿಕ್ಷಣಕ್ಕಿಲ್ಲ, ವಿದೇಶದ ಓದಿಗೂ ಇಲ್ಲ.
* ಮೊದಲ ವರ್ಷ ಸೇರಿದವರು ಆ ವರ್ಷವೇ ಅರ್ಜಿ ಹಾಕಬೇಕು. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರುವವರಿಗೆ ಮಾತ್ರ ವಿನಾಯಿತಿ.
* ಆಮೇಲೆ ಪ್ರತಿವರ್ಷ ಶೇ 50 ಅಂಕ ತೆಗೆದು ನವೀಕರಿಸಬೇಕು.
* ಸೇವೆಯಲ್ಲಿ ಪ್ರಾಣ ಕೊಟ್ಟವರ, ಅಂಗವಿಕಲರಾದವರ, ಶೌರ್ಯ ಪ್ರಶಸ್ತಿ ಪಡೆದವರ ಮಕ್ಕಳಿಗೆ ಮೊದಲ ಆದ್ಯತೆ. ನಂತರ ಆಫೀಸರ್ ದರ್ಜೆಗಿಂತ ಕೆಳಗಿನ ಉಳಿದ ಮಾಜಿ ಸೈನಿಕರ ಮಕ್ಕಳಿಗೆ.

ಅರ್ಜಿ ಹಾಕುವುದು ದೆಹಲಿಯ ಕೇಂದ್ರೀಯ ಸೈನಿಕ ಮಂಡಳಿಯ ವೆಬ್‌ಸೈಟಿನಲ್ಲಿ. ಸಾಮಾನ್ಯವಾಗಿ ಸೆಪ್ಟೆಂಬರ್ ಸುಮಾರಿಗೆ ಶುರುವಾಗಿ ವರ್ಷ ಮುಗಿಯುವುದರೊಳಗೆ ಮುಗಿಯುತ್ತದೆ. ದಿನಾಂಕ ವರ್ಷವರ್ಷವೂ ಬೇರೆಯಾಗುವುದರಿಂದ ಆಗಸ್ಟ್‌ನಿಂದಲೇ ವಿಚಾರಿಸುತ್ತಿರಿ. ಸೈಬರ್ ಸೆಂಟರಿನಲ್ಲಿ ಸ್ಕ್ಯಾನ್ ಮಾಡಿಸುವಾಗ ಜೆರಾಕ್ಸ್ ಪ್ರತಿ ಬೇಡ, ಮೂಲ ದಾಖಲೆಯನ್ನೇ ಮಾಡಿಸಿ. ಬ್ಯಾಂಕ್ ಖಾತೆ ಮಗುವಿನ ಹೆಸರಿನಲ್ಲಿದ್ದು, ಆಧಾರ್ ಜೋಡಣೆಯಾಗಿರಲಿ.

ಸಿಇಟಿ ಅರ್ಜಿಯಲ್ಲಿ ಒಂದು ಕಾಲಂ

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿಯಲ್ಲಿ ಸೈನಿಕರ ಮತ್ತು ಮಾಜಿ ಸೈನಿಕರ ಮಕ್ಕಳಿಗೆ ವಿಶೇಷ ವರ್ಗದ ಸೀಟುಗಳಿವೆ. ಇವೂ ಆದ್ಯತೆಯ ಕ್ರಮದಲ್ಲೇ ಹಂಚಿಕೆಯಾಗುತ್ತವೆ. ಆನ್‌ಲೈನ್ ಅರ್ಜಿ ತುಂಬುವಾಗಲೇ 'ಎಕ್ಸ್-ಡಿಫೆನ್ಸ್' ಎಂದು ಗುರುತು ಮಾಡಬೇಕು. ರ‍್ಯಾಂಕ್ ಬಂದ ಮೇಲೆ ನೆನಪಾದರೆ ಉಪಯೋಗವಿಲ್ಲ. ಆಮೇಲೆ ಸೈನಿಕ ಕಲ್ಯಾಣ ಇಲಾಖೆಯ ಪ್ರಮಾಣಪತ್ರ ಮತ್ತು ಮೂಲ ದಾಖಲೆಗಳನ್ನು ಪರಿಶೀಲನೆಗೆ ಒಯ್ಯಬೇಕು. ಅರ್ಜಿ ಕರೆಯುವುದು ಪಿಯುಸಿ ಪರೀಕ್ಷೆಗೂ ಮುಂಚೆ. ಹಾಗಾಗಿ ದ್ವಿತೀಯ ಪಿಯುಸಿ ದಸರಾ ರಜೆಯಲ್ಲೇ ಪ್ರಮಾಣಪತ್ರದ ಕೆಲಸ ಹಿಡಿಯಿರಿ.

ಚಿಕ್ಕ ಮಕ್ಕಳಿದ್ದರೆ ವಸತಿ ಶಾಲೆಗಳ ಬಗ್ಗೆಯೂ ಯೋಚಿಸಬಹುದು. ವಿಜಯಪುರ ಮತ್ತು ಕೊಡಗಿನ ಸೈನಿಕ ಶಾಲೆಗಳಲ್ಲಿ ಸೈನಿಕರ, ಮಾಜಿ ಸೈನಿಕರ ಮಕ್ಕಳಿಗೆ ಮೀಸಲು ಇದೆ. ರಾಷ್ಟ್ರೀಯ ಮಿಲಿಟರಿ ಶಾಲೆ ಬೆಂಗಳೂರಿನಲ್ಲೇ ಒಂದಿದೆ, ಬೆಳಗಾವಿಯಲ್ಲಿ ಇನ್ನೊಂದು. ಸೈನಿಕ ಶಾಲೆಗಳಿಗೆ ಈಗ ಹೆಣ್ಣುಮಕ್ಕಳನ್ನೂ ಸೇರಿಸಿಕೊಳ್ಳುತ್ತಾರೆ. ಎಲ್ಲಕ್ಕೂ ಪ್ರವೇಶ ಪರೀಕ್ಷೆ ಬರೆಯಬೇಕು.

ನಿಮ್ಮ ಓದಿಗೂ ಉಂಟು

ಯಜಮಾನರನ್ನು ಕಳೆದುಕೊಂಡವರು ತಮ್ಮ ಓದು ಮುಗಿದೇ ಹೋಯಿತು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಪದವಿ ಮುಗಿಸಿದ್ದರೆ ಎರಡು ವರ್ಷದ ಸ್ನಾತಕೋತ್ತರ ಪದವಿಗೆ ನಿಮಗೂ ಅದೇ ತಿಂಗಳಿಗೆ 2,000 ರೂಪಾಯಿ ನೆರವಿದೆ. ಪ್ರಧಾನಮಂತ್ರಿ ವಿದ್ಯಾರ್ಥಿವೇತನಕ್ಕೂ ನೀವು ಅರ್ಜಿ ಹಾಕಬಹುದು. ಬಿ.ಎಡ್ ಮಾಡಬೇಕೆಂದಿದ್ದವರು ಇದನ್ನು ಗಮನಿಸಿ. ಹೊಲಿಗೆ, ಕಂಪ್ಯೂಟರಿನಂಥ ವೃತ್ತಿ ತರಬೇತಿ ಪಡೆದರೆ ಒಂದು ಬಾರಿಯ ನೆರವಿದೆ. 2023ರಲ್ಲಿ ಅದನ್ನು 20,000ದಿಂದ 50,000 ರೂಪಾಯಿಗೆ ಏರಿಸಿದರು. ತರಬೇತಿಗೆ ಸೇರುವ ಮುನ್ನವೇ ಆ ಸಂಸ್ಥೆಗೆ ಮಾನ್ಯತೆ ಇದೆಯೇ ಎಂದು ಕೇಳಿಕೊಳ್ಳಿ.

ಇದಕ್ಕೆಲ್ಲ ಮೊದಲ ಹೆಜ್ಜೆ, ಯಜಮಾನರ ಮರಣ ಪ್ರಮಾಣಪತ್ರ, ನಿಮ್ಮ ಕುಟುಂಬ ಪಿಂಚಣಿಯ ಆದೇಶ ಪತ್ರದೊಂದಿಗೆ ನಿಮ್ಮ ಹೆಸರಿನಲ್ಲಿ ನೋಂದಾಯಿಸಿ ಬೇರೆ ಗುರುತಿನ ಚೀಟಿ ಮಾಡಿಸುವುದು. ಮೈದುನನೋ ಭಾವನೋ ಹೋಗಿ ಬರುತ್ತಾರೆಂದು ಕಾಯಬೇಡಿ. ಸಹಿ ನಿಮ್ಮದು, ಹಕ್ಕೂ ನಿಮ್ಮದು.

ಯುದ್ಧದಲ್ಲಿ ಅಥವಾ ಕಾರ್ಯಾಚರಣೆಯಲ್ಲಿ ಮಡಿದವರ, ಕಾಣೆಯಾದವರ, ಅಂಗವಿಕಲರಾದವರ ಮಕ್ಕಳಿಗೆ ಪ್ರತ್ಯೇಕ ಯೋಜನೆ ಇದೆ. ಬೋಧನಾ ಶುಲ್ಕ, ಹಾಸ್ಟೆಲ್ ಶುಲ್ಕ ಹಿಂದಿರುಗಿಸುತ್ತಾರೆ. 2017ರಲ್ಲಿ ಇದಕ್ಕೆ ತಿಂಗಳಿಗೆ 10,000 ರೂಪಾಯಿಯ ಮಿತಿ ಹಾಕಿದ್ದರು. ಕುಟುಂಬಗಳಿಂದ ವಿರೋಧ ಬಂದು 2018ರ ಮಾರ್ಚ್‌ನಲ್ಲಿ ಆ ಮಿತಿಯನ್ನು ತೆಗೆದರು.

ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಯಜಮಾನರು ಇನ್ನೂ ಸರ್ವೀಸ್‌ನಲ್ಲಿದ್ದಾರೆ. ಈಗಲೇ ಏನು ಮಾಡಬೇಕು?
ಮದುವೆ, ಮಕ್ಕಳ ಜನನ ಎಲ್ಲವೂ ಯೂನಿಟ್‌ನಲ್ಲಿ 'ಪಾರ್ಟ್ ಟು ಆರ್ಡರ್' ಆಗಿದೆಯೇ ಎಂದು ಮುಂದಿನ ಸಲ ಫೋನ್ ಮಾಡಿದಾಗಲೇ ಕೇಳಿ. ಒಳಗಿರುವಾಗ ತಿದ್ದಿಸುವುದು ಸುಲಭ. ನಿವೃತ್ತಿಗೆ ಮುನ್ನ ಪುನರ್ವಸತಿ ಕೋರ್ಸ್ ಸಿಗುತ್ತದೆ. ಜವಾನರು ಮತ್ತು ಜೆಸಿಒಗಳಿಗೆ 24 ವಾರಗಳವರೆಗೆ ಅದು ಉಚಿತ. ಅದನ್ನು ಬಿಡಬೇಡಿ ಅನ್ನಿ.

ನಮ್ಮೋರು ಬಿಎಸ್‌ಎಫ್‌ನಲ್ಲಿದ್ದರು. ನಮಗೂ ಅನ್ವಯಿಸುತ್ತಾ?
ಮೇಲಿನ ಯೋಜನೆಗಳು ಭೂಸೇನೆ, ನೌಕಾಪಡೆ, ವಾಯುಪಡೆಯವರಿಗೆ. ಬಿಎಸ್‌ಎಫ್, ಸಿಆರ್‌ಪಿಎಫ್‌ನಂಥ ಪಡೆಗಳವರ ಮಕ್ಕಳಿಗೆ ಗೃಹ ಸಚಿವಾಲಯದ ಮೂಲಕ ಪ್ರತ್ಯೇಕ ಪ್ರಧಾನಮಂತ್ರಿ ವಿದ್ಯಾರ್ಥಿವೇತನವಿದೆ. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಹಾಕಬೇಕು.

ಮಗ ಅಗ್ನಿವೀರನಾಗಿ ಹೋಗಿದ್ದಾನೆ. ನಾಲ್ಕು ವರ್ಷದ ನಂತರ?
2022ರಲ್ಲಿ ಬಂದ ಅಗ್ನಿಪಥ ಯೋಜನೆಯ ನಿಯಮದಂತೆ ನಾಲ್ಕು ವರ್ಷಕ್ಕೆ ಹೊರಬಂದವರಿಗೆ ಮಾಜಿ ಸೈನಿಕರೆಂಬ ಸ್ಥಾನವಿಲ್ಲ. ಕಾಯಂ ಆದವರ ವಿಷಯ ಬೇರೆ.

ಬೇರೆ ಸ್ಕಾಲರ್‌ಶಿಪ್ ಬರುತ್ತಿದೆ. ಇದನ್ನೂ ಕೇಳಬಹುದಾ?
ಅರ್ಜಿಯಲ್ಲಿ ಈ ಬಗ್ಗೆ ಕೇಳುತ್ತಾರೆ. ಇದ್ದದ್ದನ್ನು ಇದ್ದಂತೆ ಬರೆಯಿರಿ. ಯಾವುದು ಹೆಚ್ಚು ಲಾಭ ಎಂದು ಕಚೇರಿಯಲ್ಲೇ ವಿಚಾರಿಸಿ ಆರಿಸಿಕೊಳ್ಳಿ.

ಹೊರಡುವ ಮುನ್ನ ಚೀಲದಲ್ಲಿರಲಿ

ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಇರುವುದು ಬೆಂಗಳೂರಿನ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ರಸ್ತೆಯ ಕಾರ್ಯಪ್ಪ ಭವನದಲ್ಲಿ. ರೆಸಿಡೆನ್ಸಿ ರಸ್ತೆ ಅಂದರೆ ಬಸ್ಸಿನವರಿಗೆ ಬೇಗ ಗೊತ್ತಾಗುತ್ತದೆ. ದೊಡ್ಡಬಳ್ಳಾಪುರದಿಂದ ಹೋಗಿ ಬರುವುದೆಂದರೆ ಒಂದು ದಿನದ ಕೆಲಸ, ಕೂಲಿ, ಹಾಲು ಕರೆಯುವ ಹೊತ್ತು ಎಲ್ಲ ಹೋಯಿತು. ಒಂದು ಜೆರಾಕ್ಸ್ ಇಲ್ಲವೆಂದು ಹಿಂದಿರುಗುವಂತಾಗಬಾರದು. ಮೊದಲು ಫೋನ್ ಮಾಡಿ ಸಮಯ ಕೇಳಿಕೊಂಡು, ಇವನ್ನು ಜೋಡಿಸಿಕೊಳ್ಳಿ.

* ಡಿಸ್‌ಚಾರ್ಜ್ ಬುಕ್: ಮೂಲ, ಮತ್ತು ಎಲ್ಲ ಪುಟಗಳ ಎರಡು ಪ್ರತಿ
* ಪೆನ್ಷನ್ ಆದೇಶ ಪತ್ರ, ಮಾಜಿ ಸೈನಿಕರ ಅಥವಾ ನಿಮ್ಮ ಗುರುತಿನ ಚೀಟಿ
* ನಿಮ್ಮಿಬ್ಬರ ಮತ್ತು ಮಕ್ಕಳ ಆಧಾರ್
* ಮಕ್ಕಳ ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿಯಿಂದ ಈಚಿನ ಎಲ್ಲ ಅಂಕಪಟ್ಟಿ
* ಶಾಲೆ ಅಥವಾ ಕಾಲೇಜಿನ ವ್ಯಾಸಂಗ ಪ್ರಮಾಣಪತ್ರ
* ಬ್ಯಾಂಕ್ ಪಾಸ್‌ಬುಕ್ ಪ್ರತಿ, ಭಾವಚಿತ್ರಗಳು

'ನಾನು ಮಾಡಿಸಿಕೊಡ್ತೀನಿ, ಇಷ್ಟು ಕೊಡಿ' ಅನ್ನುವವರು ಹಾದಿಯಲ್ಲಿ ಸಿಕ್ಕಾರು. ಈ ಸೌಲಭ್ಯಗಳಿಗೆ ಅರ್ಜಿ ಶುಲ್ಕವಿಲ್ಲ, ಏಜೆಂಟರ ಅಗತ್ಯವೂ ಇಲ್ಲ. ಫೋನಿಗೆ ಬಂದ ಒಟಿಪಿಯನ್ನು ಯಾರಿಗೂ ಹೇಳಬೇಡಿ.

ಕೆಲಸ ಶುರು ಮಾಡಲು ಕಚೇರಿಗೇ ಹೋಗಬೇಕೆಂದಿಲ್ಲ. ಇವತ್ತು ಸಂಜೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಡಿಸ್‌ಚಾರ್ಜ್ ಬುಕ್ಕಿನ ಕುಟುಂಬದ ಪುಟ ತೆಗೆಯಿರಿ. ಒಂದೊಂದೇ ಹೆಸರನ್ನು ಆಧಾರ್ ಜೊತೆ ಇಟ್ಟು ಓದಿಸಿ, ತಪ್ಪಿದ್ದುದಕ್ಕೆ ಒಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳಿ. ನಾಳೆ ಫೋನ್ ಮಾಡುವಾಗ ಆ ಚೀಟಿ ಕೈಯಲ್ಲಿರಲಿ.