ಕಾಲಿನ ಹೊರಗೆ ಕಂಬಿ ಏಕೆ?

ಸ್ಕೂಟರಿನಿಂದ ಬಿದ್ದು ಕಣಕಾಲು ಮುರಿದುಕೊಂಡ ಯುವಕನ ತಂದೆ ನನ್ನಲ್ಲಿಗೆ ಬಂದು, ‘ಡಾಕ್ಟ್ರೇ, ಒಳಗೆ ರಾಡ್ ಹಾಕದೆ ಹೊರಗಿನಿಂದ ಕಂಬಿ ಚುಚ್ಚಿಟ್ಟಿದ್ದಾರೆ. ಬಿಚ್ಚಿಸಿ ನಾಟಿ ಕಟ್ಟು ಹಾಕಿಸೋಣವೇ?’ ಎಂದು ಕೇಳಿದರು. ‘ಖಂಡಿತ ಬೇಡಿ’ ಎಂದೆ. ಕಾರಣ ನಿಮಗೂ ತಿಳಿದಿರಲಿ.

ಕಣಕಾಲಿನ ಮುಂಭಾಗವನ್ನು ಮುಟ್ಟಿ ನೋಡಿ. ಚರ್ಮದ ಅಡಿಯಲ್ಲೇ ಮೂಳೆ ಕೈಗೆ ಸಿಗುತ್ತದೆ. ಹೀಗಾಗಿ ಮುರಿದ ಮೂಳೆಯ ಚೂಪು ತುದಿ ಚರ್ಮ ಸೀಳಿ ಹೊರಬರುವುದು ಸುಲಭ. ಇದೇ ತೆರೆದ ಮುರಿತ ಅಥವಾ ಕಾಂಪೌಂಡ್ ಫ್ರಾಕ್ಚರ್. ರಸ್ತೆಯ ಮಣ್ಣು, ರೋಗಾಣುಗಳು ನೇರವಾಗಿ ಮೂಳೆಗೆ ತಲುಪುತ್ತವೆ. ಮೂಳೆಯಲ್ಲಿ ಕೀವಾದರೆ ವರ್ಷಗಟ್ಟಲೆ ಕಾಡಬಹುದು.

ಆದ್ದರಿಂದ ಸಾಧ್ಯವಾದಷ್ಟೂ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಕೊಡಬೇಕು. ಧನುರ್ವಾಯು ಚುಚ್ಚುಮದ್ದೂ ಅಗತ್ಯ. ನಂತರ ಅರಿವಳಿಕೆ ಕೊಟ್ಟು, ಗಾಯ ತೊಳೆದು, ಸತ್ತ ಮಾಂಸವನ್ನು ತೆಗೆಯುತ್ತಾರೆ. ಗಾಯ ಶುಚಿಯಾಗಿದ್ದರೆ ಮೂಳೆಯೊಳಗೆ ರಾಡ್ ಕೂರಿಸಬಹುದು. ಕೊಳೆ ಹೆಚ್ಚಿದ್ದರೆ, ಚರ್ಮವೇ ಹರಿದುಹೋಗಿದ್ದರೆ ರಾಡಿನ ಸುತ್ತ ಸೋಂಕು ನೆಲೆಯೂರುವ ಅಪಾಯವಿದೆ. ಆಗ ಮುರಿತದ ಮೇಲೂ ಕೆಳಗೂ ಮೂಳೆಗೆ ಪಿನ್‌ಗಳನ್ನು ಕೂರಿಸಿ, ಹೊರಗೆ ಸರಳಿನಿಂದ ಬಿಗಿಯುತ್ತಾರೆ. ಇದು ಎಕ್ಸ್‌ಟರ್ನಲ್ ಫಿಕ್ಸೇಟರ್. ಮೂಳೆ ಅಲುಗುವುದಿಲ್ಲ, ಗಾಯ ಕಣ್ಣಿಗೆ ಕಾಣುವುದರಿಂದ ಡ್ರೆಸ್ಸಿಂಗ್, ಚರ್ಮದ ಕಸಿ ಸುಲಭ. ಅನೇಕರಿಗೆ ಗಾಯ ಮಾಗಿದ ಬಳಿಕ ಇದನ್ನು ತೆಗೆದು ರಾಡ್ ಹಾಕುತ್ತಾರೆ.

ಮೂಳೆಯ ತುಂಡೇ ಕಳೆದುಹೋಗಿದ್ದರೆ ಬಳೆಗಳಂಥ ಇಲಿಜರೋವ್ ಚೌಕಟ್ಟು ನೆರವಾಗುತ್ತದೆ. 1950ರ ದಶಕದಲ್ಲಿ ಸೈಬೀರಿಯದ ಕುರ್ಗಾನ್‌ನಲ್ಲಿ ಡಾ. ಗವ್ರಿಲ್ ಇಲಿಜರೋವ್ ಇದನ್ನು ರೂಪಿಸಿದರು. ಆರೋಗ್ಯವಂತ ಭಾಗದಲ್ಲಿ ಮೂಳೆಯನ್ನು ಕತ್ತರಿಸಿ ದಿನಕ್ಕೆ ಸುಮಾರು 1 ಮಿ.ಮೀ. ಸರಿಸುತ್ತಾ ಹೋದರೆ, ಹಿಂದೆ ಉಳಿಯುವ ಜಾಗದಲ್ಲಿ ಹೊಸ ಮೂಳೆ ಬೆಳೆಯುತ್ತದೆ.

ಮನೆಯಲ್ಲಿ ಗಮನಿಸಬೇಕಾದುದು

ಕೈ ತೊಳೆದುಕೊಂಡು, ವೈದ್ಯರು ಹೇಳಿಕೊಟ್ಟಂತೆ ಪಿನ್‌ಗಳ ಬುಡವನ್ನು ಶುಚಿ ಮಾಡಿ. ಪಿನ್ ಸಡಿಲವಾದರೆ, ಕೆಂಪಾದರೆ, ಕೀವು ಅಥವಾ ಜ್ವರ ಬಂದರೆ ಕೂಡಲೇ ತೋರಿಸಿ. ತಿರುಪುಗಳನ್ನು ನೀವಾಗಿ ಮುಟ್ಟಬೇಡಿ. ಬೀಡಿ, ಸಿಗರೇಟು ಬಿಡಿ. ಅವು ಮೂಳೆ ಕೂಡುವುದನ್ನು ನಿಧಾನಗೊಳಿಸುತ್ತವೆ.

ಅಪಘಾತದ ಸ್ಥಳದಲ್ಲಿ

ಹೊರಬಂದ ಮೂಳೆಯನ್ನು ಒಳಗೆ ತಳ್ಳಬೇಡಿ. ಅರಿಶಿನ, ಕಾಫಿಪುಡಿ ಹಾಕಬೇಡಿ. ಶುಭ್ರ ಬಟ್ಟೆಯಿಂದ ಗಾಯ ಮುಚ್ಚಿ, ರಕ್ತ ಸುರಿಯುತ್ತಿದ್ದರೆ ಒತ್ತಿ ಹಿಡಿಯಿರಿ. ಕಾಲು ಅಲುಗದಂತೆ ಪಟ್ಟಿಯ ಆಧಾರ ಕೊಟ್ಟು, 108ಕ್ಕೆ ಕರೆಮಾಡಿ. ತಿನ್ನಲು, ಕುಡಿಯಲು ಕೊಡಬೇಡಿ, ಅರಿವಳಿಕೆ ಬೇಕಾಗಬಹುದು.

ತೆರೆದ ಗಾಯದ ಮೇಲೆ ಬಿಗಿಯಾದ ನಾಟಿ ಕಟ್ಟು ಬಿದ್ದರೆ ಒಳಗೆ ಕೀವು ತುಂಬಿ, ರಕ್ತಸಂಚಾರ ನಿಂತು, ಕಾಲನ್ನೇ ಕಳೆದುಕೊಳ್ಳಬೇಕಾದೀತು. ನೋಡಲು ಭಯ ಹುಟ್ಟಿಸುವ ಆ ಕಂಬಿಗಳು ಇರುವುದೇ ಕಾಲನ್ನು ಉಳಿಸಲು.